ಮುಚ್ಚಳ ಮುಚ್ಚಿದರೂ ಮಲಗದ ಲ್ಯಾಪ್‌ಟಾಪ್: ಮೂವತ್ತು ವರ್ಷಗಳ ಸಿಂಹಾವಲೋಕನ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಹತ್ತು ವರ್ಷ ಬಳಸಿ ಅಭ್ಯಾಸವಾಗಿದ್ದ ಅದನ್ನು ಬಿಟ್ಟು ವಿಂಡೋಸ್ 11ಕ್ಕೆ ಏರಿದವರಲ್ಲಿ ಹಲವರ ದೂರು ಒಂದೇ ಧಾಟಿಯಲ್ಲಿದೆ. ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿಕೊಂಡ ಲ್ಯಾಪ್‌ಟಾಪ್ ಮನೆ ಮುಟ್ಟುವ ಹೊತ್ತಿಗೆ ಕಾದಿರುತ್ತದೆ, ಬ್ಯಾಟರಿ ಅರ್ಧಕ್ಕೆ ಇಳಿದಿರುತ್ತದೆ. ರಾತ್ರಿ ಶಟ್ ಡೌನ್ ಮಾಡಿ ಮಲಗಿದರೆ, ಬೆಳಿಗ್ಗೆ ಅದು ಲಾಗಿನ್ ಪರದೆ ತೋರಿಸಿಕೊಂಡು ಕೂತಿರುತ್ತದೆ. ಸ್ಲೀಪ್‌ನಿಂದ ಎಬ್ಬಿಸಹೋದರೆ ಫ್ಯಾನ್ ತಿರುಗುತ್ತದೆ, ಕೀಬೋರ್ಡಿನ ದೀಪ ಹೊತ್ತುತ್ತದೆ, ಪರದೆ ಮಾತ್ರ ಕಪ್ಪು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಯ್ದರೂ, ತಾಲ್ಲೂಕು ಕೇಂದ್ರದ ಕಂಪ್ಯೂಟರ್ ಅಂಗಡಿಗೆ ಒಯ್ದರೂ ಬಹಳ ಸಲ ಮೊದಲು ಸಿಗುವ ಸಲಹೆ ಎರಡೇ: ಬ್ಯಾಟರಿ ಬದಲಿಸಿ, ಇಲ್ಲವೇ ಫಾರ್ಮ್ಯಾಟ್ ಹೊಡೆಸಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈ ತೊಂದರೆ ವಿಂಡೋಸ್ 11ರ ಜೊತೆ ಹುಟ್ಟಿದ್ದಲ್ಲ. 2007ರಲ್ಲಿ ವಿಸ್ಟಾಕ್ಕೆ ಹೋದವರೂ, 2015ರಲ್ಲಿ ವಿಂಡೋಸ್ 10ಕ್ಕೆ ಹೋದವರೂ ಇದನ್ನೇ ಕಂಡಿದ್ದರು. ಇವತ್ತಿನ ಬಹುಪಾಲು ಲ್ಯಾಪ್‌ಟಾಪ್‌ಗಳ ನಿದ್ದೆ-ಎಚ್ಚರಗಳ ಬುನಾದಿಯಾದ ಎಸಿಪಿಐ ಎಂಬ ನಿಯಮಾವಳಿ ಹೊರಬಂದದ್ದು 1996ರ ಡಿಸೆಂಬರ್‌ನಲ್ಲಿ. 2026ರ ಕೊನೆಗೆ ಅದಕ್ಕೆ ಮೂವತ್ತು ತುಂಬುತ್ತದೆ. ಲೆಕ್ಕ ನೋಡಲು ಇದು ತಕ್ಕ ಸಮಯ. ಮೂರು ದಶಕದ ಲೆಕ್ಕ ತೆಗೆದರೆ ನಮಗೆ ಕಾಣುವುದು ಇಷ್ಟು: ಯಂತ್ರವನ್ನು ಮಲಗಿಸುವ ತಂತ್ರ ಬೆಳೆದಿದೆ, ಆದರೆ ಅದು ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂದು ಹೇಳುವ ಅಧಿಕಾರ ಕಾಸು ಕೊಟ್ಟು ಕೊಂಡವನ ಕೈಯಿಂದ ಸ್ವಲ್ಪ ಸ್ವಲ್ಪವಾಗಿ ಜಾರಿದೆ. ಜಾರಿದ್ದು ಗೊತ್ತಾಗುವುದು ಅಪ್‌ಗ್ರೇಡ್ ಆದ ಮರುದಿನ.

ಮೂವರ ಒಪ್ಪಂದ

ಮೊದಮೊದಲ ಲ್ಯಾಪ್‌ಟಾಪ್‌ಗಳಲ್ಲಿ ವಿದ್ಯುತ್ ಉಳಿತಾಯದ ಯಜಮಾನಿಕೆ ಬಯಾಸ್‌ನದು. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ತಂದ ಎಪಿಎಂ ಪದ್ಧತಿಯಲ್ಲಿ, ಕೀಲಿ ಒತ್ತುವುದು ನಿಂತು ಇಷ್ಟು ಹೊತ್ತಾಯಿತು ಎಂದು ಬಯಾಸ್ ತಾನೇ ಎಣಿಸಿ ಯಂತ್ರವನ್ನು ಮಲಗಿಸುತ್ತಿತ್ತು. ಒಳಗೆ ಮುದ್ರಣ ನಡೆದಿದೆಯೇ, ಕಡತ ನಕಲಾಗುತ್ತಿದೆಯೇ ಎಂಬುದು ಅದಕ್ಕೆ ಸರಿಯಾಗಿ ತಿಳಿಯುತ್ತಿರಲಿಲ್ಲ. ನಾಲ್ಕು ವರ್ಷದ ನಂತರ ತೋಷಿಬಾವನ್ನೂ ಸೇರಿಸಿಕೊಂಡು ಅವರೇ ತಂದ ಎಸಿಪಿಐ ಈ ಕ್ರಮವನ್ನು ತಿರುಗಿಸಿ ಹಾಕಿತು. ಇನ್ನು ಮುಂದೆ ತೀರ್ಮಾನ ಆಪರೇಟಿಂಗ್ ಸಿಸ್ಟಂನದು. ಫರ್ಮ್‌ವೇರ್, ಅಂದರೆ ಬಯಾಸ್‌ನಂಥ ಯಂತ್ರದೊಳಗಿನ ತಂತ್ರಾಂಶ, ತನ್ನ ಯಂತ್ರದ ವಿವರಗಳನ್ನು ಕೋಷ್ಟಕಗಳಲ್ಲಿ ಬರೆದಿಟ್ಟು, ಕೇಳಿದಾಗ ಒದಗಿಸಬೇಕು.

ನಿದ್ದೆಯ ಮಟ್ಟಗಳಿಗೆ ಅಂಕಿಗಳು ಬಂದದ್ದು ಆಗಲೇ. ಎಸ್3 ಎಂದರೆ ರ‍್ಯಾಮ್‌ಗೆ ಮಾತ್ರ ಕರೆಂಟು ಉಳಿಸಿ, ಪ್ರೊಸೆಸರ್ ಸಮೇತ ಉಳಿದದ್ದೆಲ್ಲವನ್ನೂ ಆರಿಸುವುದು. ಎಸ್4 ಎಂದರೆ ರ‍್ಯಾಮ್‌ನಲ್ಲಿ ಇದ್ದುದನ್ನು ಡಿಸ್ಕ್‌ಗೆ ಬರೆದು ಪೂರ್ತಿ ಆರಿಸುವುದು. ಹೈಬರ್ನೇಟ್ ಎಂದು ನಾವು ಕರೆಯುವುದು ಇದನ್ನೇ. ಎಸ್5 ಎಂದರೆ ಶಟ್ ಡೌನ್. ಎಸ್0 ಎಂದರೆ ಎಚ್ಚರ. ಕಾಗದದ ಮೇಲೆ ಅಚ್ಚುಕಟ್ಟು.

ಕೆಲಸಕ್ಕೆ ಇಳಿದಾಗ ಇದು ಮೂವರ ನಡುವಿನ ಒಪ್ಪಂದ. ಆಪರೇಟಿಂಗ್ ಸಿಸ್ಟಂ ‘ಮಲಗೋಣ’ ಎನ್ನಬೇಕು. ಗ್ರಾಫಿಕ್ಸ್, ವೈ-ಫೈ, ಯುಎಸ್‌ಬಿ, ಧ್ವನಿ ಹೀಗೆ ಪ್ರತಿಯೊಂದು ಭಾಗದ ಡ್ರೈವರ್ ತನ್ನ ಸ್ಥಿತಿಯನ್ನು ಉಳಿಸಿಕೊಂಡು ಸರದಿಯಂತೆ ಆರಬೇಕು. ಕೊನೆಗೆ ಫರ್ಮ್‌ವೇರ್ ಬಾಗಿಲು ಹಾಕಬೇಕು. ಏಳುವಾಗ ಇದೇ ಮೆರವಣಿಗೆ ಉಲ್ಟಾ. ಒಂದು ಡ್ರೈವರ್ ಉತ್ತರ ಕೊಡದೆ ಕೂತರೂ ಸಾಕು, ಯಂತ್ರ ಅರ್ಧದಲ್ಲಿ ಸಿಕ್ಕಿಬೀಳುತ್ತದೆ. ಕೆಲವು ನಿಮಿಷ ಕಾದು ವಿಂಡೋಸ್ ಕೈಚೆಲ್ಲಿ ನೀಲಿ ಪರದೆ ತೋರಿಸುತ್ತದೆ. ‘ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್’ ಎಂಬ ಸಂದೇಶ, 9ಎಫ್ ಎಂಬ ಸಂಕೇತ ಅದರದೇ. 2025ರ ಬೇಸಿಗೆಯ ನಂತರ ಆ ನೀಲಿ ಕಪ್ಪಾಗಿದೆ, ಸಂಕೇತ ಬದಲಾಗಿಲ್ಲ.

ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಆದಾಗ ಈ ಮೂವರಲ್ಲಿ ಒಬ್ಬ ಪೂರ್ತಿ ಬದಲಾಗುತ್ತಾನೆ, ಇನ್ನೊಬ್ಬ ಅರ್ಧ ಬದಲಾಗುತ್ತಾನೆ, ಫರ್ಮ್‌ವೇರ್ ಇದ್ದಲ್ಲೇ ಇರುತ್ತದೆ. ಅಷ್ಟೇ ಅಲ್ಲ, ಎಸಿಪಿಐನಲ್ಲಿ ಫರ್ಮ್‌ವೇರ್ ‘ನೀನು ಯಾವ ವಿಂಡೋಸ್?’ ಎಂದು ಕೇಳಿ ತಿಳಿಯುವ ಏರ್ಪಾಟು ಇದೆ. ಬಂದ ಉತ್ತರಕ್ಕೆ ತಕ್ಕಂತೆ ಅದು ಬೇರೆ ದಾರಿ ಹಿಡಿಯಬಹುದು. ಹಾಗಾಗಿ ತಿರುಪು ಕೂಡ ಮುಟ್ಟದ ಅದೇ ಯಂತ್ರ ಹೊಸ ಆವೃತ್ತಿಯಡಿ ಬೇರೆ ರೀತಿ ನಡೆದುಕೊಂಡರೆ ಆಶ್ಚರ್ಯವಿಲ್ಲ. ಯಂತ್ರ ತಯಾರಕರು ಪರೀಕ್ಷೆ ಮಾಡುವುದು ಬಹುಪಾಲು ವಿಂಡೋಸ್ ಮೇಲೆಯೇ ಆದ್ದರಿಂದ ಲಿನಕ್ಸ್ ಕರ್ನಲ್ ಕೂಡ ಈ ಪ್ರಶ್ನೆಗೆ ‘ಹೌದು, ನಾನು ವಿಂಡೋಸ್’ ಎಂದೇ ಉತ್ತರಿಸುತ್ತದೆ. ‘ನೀನು ಲಿನಕ್ಸಾ?’ ಎಂದರೆ ‘ಅಲ್ಲ’ ಎನ್ನುತ್ತದೆ. ಪರೀಕ್ಷೆ ಆಗದ ದಾರಿಗೆ ಹೋಗಿ ಕೆಡುವುದಕ್ಕಿಂತ ಆ ಸುಳ್ಳೇ ಕ್ಷೇಮ ಎಂದು ಅದರ ರೂವಾರಿಗಳು ಅನುಭವದಿಂದ ಕಲಿತರು.

ವಿಸ್ಟಾ ಕೊಟ್ಟದ್ದು, ವಿಂಡೋಸ್ 8 ಕಸಿದದ್ದು

ವಿಸ್ಟಾವನ್ನು ಬೈಯುವುದು ಎಲ್ಲರಿಗೂ ಸುಲಭ. ಅದರ ಪರವಾಗಿ ಒಂದು ಮಾತು ದಾಖಲಾಗಬೇಕು. ಅದರ ಹಿಂದಿನ ಎಕ್ಸ್‌ಪಿಯಲ್ಲಿ ಯಾವುದೇ ಪ್ರೋಗ್ರಾಂ ಅಥವಾ ಡ್ರೈವರ್ ‘ಈಗ ಮಲಗಲಾರೆ’ ಎಂದು ತಡೆ ಒಡ್ಡಬಹುದಿತ್ತು. ಬಳಕೆದಾರ ಮುಚ್ಚಳ ಮುಚ್ಚಿದ ಮೇಲೂ ಆ ತಡೆ ನಡೆಯುತ್ತಿತ್ತು. ವಿಸ್ಟಾ ಆ ತಡೆಯ ಹಕ್ಕನ್ನು ಕಿತ್ತುಹಾಕಿತು. ಮುಚ್ಚಳ ಮುಚ್ಚಿದ್ದು ಆಜ್ಞೆ. ಪ್ರೋಗ್ರಾಂಗಳಿಗೆ ಕೆಲವೇ ಕ್ಷಣದ ಸೂಚನೆ ಸಿಗುತ್ತದೆ, ಅನುಮತಿ ಕೇಳುವ ಮಾತಿಲ್ಲ. ರ‍್ಯಾಮ್‌ನಲ್ಲೂ ಡಿಸ್ಕ್‌ನಲ್ಲೂ ಒಟ್ಟಿಗೆ ನೆನಪು ಇಡುವ ಹೈಬ್ರಿಡ್ ಸ್ಲೀಪ್ ಬಂದದ್ದೂ ಅದರಲ್ಲಿಯೇ. ಯುಪಿಎಸ್ ಕೈಕೊಟ್ಟು ಕರೆಂಟು ಹೋದರೂ ಡೆಸ್ಕ್‌ಟಾಪಿನಲ್ಲಿ ತೆರೆದಿಟ್ಟ ಕೆಲಸ ಉಳಿಯುತ್ತಿತ್ತು. ಅದೇ ಹೊತ್ತಿಗೆ ಗ್ರಾಫಿಕ್ಸ್ ಡ್ರೈವರ್‌ಗಳ ಪದ್ಧತಿಯನ್ನೇ ಬದಲಿಸಿದ್ದರಿಂದ ಹಳೆಯ ಯಂತ್ರಗಳಲ್ಲಿ ಎದ್ದ ಮೇಲೆ ಕಪ್ಪು ಪರದೆಯ ಕಾಟವೂ ಬಂತು. ಡ್ರೈವರ್‌ಗಳು ಪಳಗಿ 2009ರಲ್ಲಿ ವಿಂಡೋಸ್ 7 ಬರುವ ಹೊತ್ತಿಗೆ ಸ್ಲೀಪ್ ನೆಮ್ಮದಿಯ ವಿಷಯವಾಗಿತ್ತು. ನಮ್ಮ ದೃಷ್ಟಿಯಲ್ಲಿ ಈ ಮೂವತ್ತು ವರ್ಷಗಳಲ್ಲಿ ಬಳಕೆದಾರನ ಮಾತಿಗೆ ಅತಿ ಹೆಚ್ಚು ಬೆಲೆ ಇದ್ದ ಕಾಲ ಅದು.

2012ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 8 ಟ್ಯಾಬ್ಲೆಟ್‌ಗಳ ಜೊತೆ ಪೈಪೋಟಿಗೆ ನಿಂತಿತ್ತು. ಗುಂಡಿ ಒತ್ತಿದ ಕೂಡಲೇ ಏಳಬೇಕು, ಮಲಗಿದ್ದಾಗಲೂ ಮೇಲ್ ಬರಬೇಕು ಎಂಬ ಹಟದಲ್ಲಿ ಅದು ಎರಡು ಹೊಸ ಪದ್ಧತಿ ತಂದಿತು. ಇಂದಿನ ದೂರುಗಳ ಬೇರು ಬಹುಪಾಲು ಅವೆರಡರಲ್ಲಿದೆ.

ಮೊದಲನೆಯದು ಫಾಸ್ಟ್ ಸ್ಟಾರ್ಟಪ್. ಇದು ಚಾಲೂ ಇದ್ದರೆ ಶಟ್ ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ ನಿಜ, ಆದರೆ ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಬರೆದುಳಿಯುತ್ತದೆ. ಮರುದಿನ ಅದನ್ನೇ ಎತ್ತಿ ರ‍್ಯಾಮ್‌ಗೆ ಹಾಕಿಕೊಳ್ಳುತ್ತದೆ. ಹಾರ್ಡ್ ಡಿಸ್ಕ್ ಕಾಲದಲ್ಲಿ ಇದರಿಂದ ಬೇಗ ಬೂಟ್ ಆಗುತ್ತಿದ್ದದ್ದು ಸುಳ್ಳಲ್ಲ. ಪರಿಣಾಮ ಮಾತ್ರ ವಿಚಿತ್ರ. ಶಟ್ ಡೌನ್ ಮಾಡಿ ಹಾಕಿದರೆ ಹಳೆಯ ತೊಂದರೆ ಹಾಗೇ ಉಳಿಯುತ್ತದೆ, ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ನಂಬಿಕೆ ಇಲ್ಲದವರು ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಪುಟದ ‘ಅಪ್ ಟೈಮ್’ ನೋಡಬಹುದು. ದಿನಾ ರಾತ್ರಿ ಆರಿಸಿದ ಯಂತ್ರ ಹತ್ತಾರು ದಿನದಿಂದ ಎಚ್ಚರವಿದೆ ಎಂದು ಅದು ತೋರಿಸುತ್ತದೆ. ಅಪ್‌ಗ್ರೇಡ್ ಆದ ಮೇಲೆ ಹೊಸ ಡ್ರೈವರ್ ಸರಿಯಾಗಿ ಕೂರದೆ ಇದ್ದರೆ, ಆ ಕೆಟ್ಟ ಸ್ಥಿತಿಯೇ ದಿನವೂ ಮರಳಿ ಬರುತ್ತಿರುತ್ತದೆ. ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟವರಿಗೆ ಲಿನಕ್ಸ್‌ನಿಂದ ವಿಂಡೋಸ್ ಡ್ರೈವ್‌ಗೆ ಬರೆಯಲಾಗದೆ ಹೋಗುವುದಕ್ಕೂ ಇದೇ ಕಾರಣ. ಶಿಫ್ಟ್ ಕೀ ಹಿಡಿದು ಶಟ್ ಡೌನ್ ಒತ್ತಿದರೆ ನಿಜವಾದ ಶಟ್ ಡೌನ್ ಆಗುತ್ತದೆ. ಇದನ್ನು ಪರದೆಯ ಮೇಲೆ ಎಲ್ಲೂ ಬರೆದಿಲ್ಲ.

ಎರಡನೆಯದು ಕನೆಕ್ಟೆಡ್ ಸ್ಟ್ಯಾಂಡ್‌ಬೈ. ವಿಂಡೋಸ್ 10ರಲ್ಲಿ ಹಿಗ್ಗಿ ಮಾಡರ್ನ್ ಸ್ಟ್ಯಾಂಡ್‌ಬೈ ಆಯಿತು. ಇದರಲ್ಲಿ ಎಸ್3 ಇಲ್ಲವೇ ಇಲ್ಲ. ಪರದೆ ಆರುತ್ತದೆ, ಡೆಸ್ಕ್‌ಟಾಪ್ ಪ್ರೋಗ್ರಾಂಗಳು ತಡೆಹಿಡಿಯಲ್ಪಡುತ್ತವೆ, ಪ್ರೊಸೆಸರ್ ಅತಿ ಕಡಿಮೆ ವಿದ್ಯುತ್ತಿನ ಬಿಡುವಿಗೆ ಜಾರುತ್ತದೆ, ಆದರೆ ಯಂತ್ರ ಎಸ್0ಯಲ್ಲಿಯೇ, ಅಂದರೆ ಎಚ್ಚರದಲ್ಲಿಯೇ ಇರುತ್ತದೆ. ಎಲ್ಲ ಭಾಗಗಳೂ ಸಹಕರಿಸಿದರೆ ಬ್ಯಾಟರಿ ಖರ್ಚು ಬಹಳ ಕಡಿಮೆ, ಮುಚ್ಚಳ ತೆರೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ. ಒಂದು ಡ್ರೈವರ್ ಪಟ್ಟು ಬಿಡದಿದ್ದರೆ ಪ್ರೊಸೆಸರ್ ಬಿಡುವಿಗೆ ಹೋಗಲಾರದು. ಗಾಳಿಯಾಡದ ಬ್ಯಾಗಿನಲ್ಲಿ ಅದು ಕೆಲಸ ಮಾಡುತ್ತಲೇ ಇರುತ್ತದೆ. ವಿಸ್ಟಾ ಕಿತ್ತುಹಾಕಿದ ತಡೆಯ ಹಕ್ಕು ಹಿಂಬಾಗಿಲಿನಿಂದ ಒಳಗೆ ಬಂದದ್ದು ಹೀಗೆ.

2015ರ ಉಚಿತ ಉಡುಗೊರೆ

2015ರ ಜುಲೈ 29ರಂದು ವಿಂಡೋಸ್ 10 ಬಿಡುಗಡೆಯಾದಾಗ 7 ಮತ್ತು 8.1 ಇದ್ದವರಿಗೆ ಒಂದು ವರ್ಷ ಉಚಿತ ಅಪ್‌ಗ್ರೇಡ್ ಸಿಕ್ಕಿತು. ಹಳೆಯ ಯಂತ್ರಗಳಿಗೆ ತಯಾರಕರಿಂದ ಹೊಸ ಫರ್ಮ್‌ವೇರ್ ಬರಲಿಲ್ಲ, ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ತಾನೇ ಹುಡುಕಿ ಹಾಕಿತು. ಆ ವರ್ಷದ ಪಾಠವೊಂದು ಇಂದಿಗೂ ಕೆಲಸಕ್ಕೆ ಬರುತ್ತದೆ. ಇಂಟೆಲ್ ಚಿಪ್‌ಗಳಲ್ಲಿ ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಪುಟ್ಟ ಒಳ ಕಂಪ್ಯೂಟರ್ ಇದೆ. ವಿದ್ಯುತ್ ವ್ಯವಹಾರದಲ್ಲಿ ಅದರ ಕೈವಾಡವೂ ಉಂಟು. ಅದರ ಡ್ರೈವರ್‌ನ 11ನೇ ಆವೃತ್ತಿಯನ್ನು ವಿಂಡೋಸ್ ಅಪ್‌ಡೇಟ್ ಹಳೆಯ ಲ್ಯಾಪ್‌ಟಾಪ್‌ಗಳ ಮೇಲೂ ಹೇರಿತು. ಅನೇಕ ಯಂತ್ರಗಳು ಶಟ್ ಡೌನ್ ಆಗದೆ, ಸ್ಲೀಪ್‌ಗೆ ಹೋಗದೆ, ಪರದೆ ಆರಿಸಿಕೊಂಡು ಫ್ಯಾನ್ ತಿರುಗಿಸುತ್ತ ಉಳಿದವು. ತಯಾರಕರ ತಾಣದಿಂದ 9 ಅಥವಾ 10ನೇ ಆವೃತ್ತಿ ಇಳಿಸಿ ಹಾಕಿದರೆ ಸರಿಹೋಗುತ್ತಿತ್ತು. ಹೊಸ ಡ್ರೈವರ್ ಎಂದರೆ ಒಳ್ಳೆಯ ಡ್ರೈವರ್ ಎಂಬ ನಂಬಿಕೆಗೆ ಆಗಲೇ ಪೆಟ್ಟು ಬಿದ್ದಿತ್ತು.

ನಂತರದ ಐದು ವರ್ಷಗಳಲ್ಲಿ ಎಸ್3 ಮೆಲ್ಲನೆ ಮರೆಯಾಯಿತು. ಮಾಡರ್ನ್ ಸ್ಟ್ಯಾಂಡ್‌ಬೈ ಇದ್ದ ಕೆಲವು ಯಂತ್ರಗಳಲ್ಲಿ ರಿಜಿಸ್ಟ್ರಿಯ ಒಂದು ಅಂಕಿ ತಿದ್ದಿ ಎಸ್3 ಮರಳಿ ಪಡೆಯುವ ಉಪಾಯ ಇತ್ತು. 2020ರ ಮೇ ಆವೃತ್ತಿಯಲ್ಲಿ ಅದು ನಿಂತಿತು. ಅದೇ ವರ್ಷ ಬಂದ ಇಂಟೆಲ್‌ನ 11ನೇ ಪೀಳಿಗೆಯ ಪ್ರೊಸೆಸರ್‌ಗಳಿಂದ ಈಚೆಗೆ ಹಲವು ಲ್ಯಾಪ್‌ಟಾಪ್‌ಗಳ ಫರ್ಮ್‌ವೇರ್‌ನಲ್ಲಿ ಎಸ್3 ಇರುವುದೇ ಇಲ್ಲ. ಕೊಳ್ಳುವಾಗ ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಇದು ಹೇಗೆ ಮಲಗುತ್ತದೆ ಎಂದು ಬರೆದಿರುವುದಿಲ್ಲ.

ಹೇಳದೆ ಕೇಳದೆ ರೀಸ್ಟಾರ್ಟ್

ಭದ್ರತಾ ಅಪ್‌ಡೇಟ್ ತಡವಾಗಬಾರದು, ಅದಕ್ಕೇ ಯಂತ್ರ ತಾನಾಗಿ ರೀಸ್ಟಾರ್ಟ್ ಆಗಬೇಕು ಎಂಬ ಮೈಕ್ರೋಸಾಫ್ಟ್‌ನ ವಾದವನ್ನು ತಳ್ಳಿಹಾಕುವಂತಿಲ್ಲ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ದಾಳಿ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳನ್ನು ಕಾಡಿದಾಗ ಅದನ್ನು ತಡೆಯುವ ತೇಪೆ ಎರಡು ತಿಂಗಳ ಹಿಂದೆಯೇ ಬಿಡುಗಡೆಯಾಗಿತ್ತು. ಹಾಕಿಕೊಳ್ಳದ ಯಂತ್ರಗಳು ಸಿಕ್ಕಿಬಿದ್ದವು. ಬಳಕೆದಾರನ ಇಷ್ಟಕ್ಕೇ ಬಿಟ್ಟರೆ ‘ಆಮೇಲೆ’ ಎಂಬ ಗುಂಡಿ ವರ್ಷವಿಡೀ ಒತ್ತಿಸಿಕೊಳ್ಳುತ್ತದೆ ಎಂಬುದೂ ನಿಜ.

ಆದರೆ ಕಂಪನಿ ಮೊದಲು ಹೇರಿ, ಕೂಗು ಎದ್ದ ಮೇಲೆ ಸಡಿಲಿಸುತ್ತ ಬಂತು. ಕೆಲಸದ ಹೊತ್ತಿನಲ್ಲಿ ರೀಸ್ಟಾರ್ಟ್ ಆಗದಂತೆ ತಡೆಯುವ ‘ಆ್ಯಕ್ಟಿವ್ ಅವರ್ಸ್’ ಬಂದದ್ದು ವಿಂಡೋಸ್ 10 ಬಂದು ಒಂದು ವರ್ಷವಾದ ಮೇಲೆ, 2016ರಲ್ಲಿ. ಮೊದಲು 12 ಗಂಟೆಯ ಮಿತಿ, 2017ರಲ್ಲಿ 18 ಗಂಟೆ. ಹೋಂ ಆವೃತ್ತಿ ಕೊಂಡವರಿಗೆ ಅಪ್‌ಡೇಟ್ ತಡೆಹಿಡಿಯುವ ಗುಂಡಿ ಸಿಕ್ಕಿದ್ದು 2019ರಲ್ಲಿ. ‘ಅಪ್‌ಡೇಟ್ ಅಂಡ್ ಶಟ್ ಡೌನ್’ ಒತ್ತಿದರೆ ಯಂತ್ರ ಆರದೆ ಮತ್ತೆ ಹೊತ್ತಿಕೊಳ್ಳುತ್ತದೆ ಎಂಬ ವರ್ಷಗಳ ದೂರಿಗೆ ಪರಿಹಾರ ಬಂದದ್ದು 2025ರ ಅಕ್ಟೋಬರ್ ಕೊನೆಯ ಅಪ್‌ಡೇಟ್‌ನಲ್ಲಿ. ಎರಡೂವರೆ ತಿಂಗಳಲ್ಲಿಯೇ, 2026ರ ಜನವರಿ 13ರ ಭದ್ರತಾ ಅಪ್‌ಡೇಟ್ ಹಾಕಿಕೊಂಡ ವಿಂಡೋಸ್ 11ರ 23ಎಚ್2 ಆವೃತ್ತಿಯ ಸೆಕ್ಯೂರ್ ಲಾಂಚ್ ಎಂಬ ರಕ್ಷಣೆ ಚಾಲೂ ಇದ್ದ ಕೆಲವು ಯಂತ್ರಗಳು ಶಟ್ ಡೌನ್ ಅಂದರೆ ರೀಸ್ಟಾರ್ಟ್ ಆಗತೊಡಗಿದವು. ನಾಲ್ಕೇ ದಿನದಲ್ಲಿ ತುರ್ತು ತೇಪೆ ಬಂತು. ತಪ್ಪು ಬೇಗ ತಿದ್ದಿದ್ದಕ್ಕೆ ಶಹಬ್ಬಾಸ್ ಅನ್ನೋಣ. ಯಂತ್ರ ಆರಿಸುವಂಥ ಮೂಲ ಕೆಲಸ ಮೂವತ್ತು ವರ್ಷದ ನಂತರವೂ ಒಂದು ಅಪ್‌ಡೇಟ್‌ಗೆ ಅಲುಗಾಡುತ್ತದೆ ಎಂಬುದನ್ನೂ ಬರೆದಿಟ್ಟುಕೊಳ್ಳೋಣ.

ಬೇರೆ ಮನೆಗಳಲ್ಲೂ ದೋಸೆ ತೂತೇ. ಲೆನೊವೊ 2018ರಲ್ಲಿ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನ ಆರನೇ ಪೀಳಿಗೆಯನ್ನು ಎಸ್3 ಇಲ್ಲದೆ ಮಾರುಕಟ್ಟೆಗೆ ಬಿಟ್ಟಿತು. ಲಿನಕ್ಸ್ ಬಳಕೆದಾರರು ಗಲಾಟೆ ಮಾಡಿದರು. ಅದೇ ವರ್ಷ ಬಯಾಸ್ ಅಪ್‌ಡೇಟ್ ಬಂತು, ಅದರಲ್ಲಿ ಸ್ಲೀಪ್‌ಗೆ ವಿಂಡೋಸ್, ಲಿನಕ್ಸ್ ಎಂಬ ಎರಡು ಆಯ್ಕೆ ಇದ್ದವು. ಎರಡನೆಯದನ್ನು ಆಯ್ದುಕೊಂಡರೆ ಎಸ್3 ಮರಳುತ್ತಿತ್ತು. ಈ ಇಡೀ ಇತಿಹಾಸದಲ್ಲಿ ಬಳಕೆದಾರರ ಒತ್ತಾಯಕ್ಕೆ ತಯಾರಕ ಬಗ್ಗಿದ ಸ್ಪಷ್ಟ ಉದಾಹರಣೆ ಇದು. ಲಿನಕ್ಸ್‌ನಲ್ಲಿ ಸೆಕ್ಯೂರ್ ಬೂಟ್ ಎಂಬ ರಕ್ಷಣೆ ಚಾಲೂ ಇದ್ದರೆ ಹಲವು ವಿತರಣೆಗಳಲ್ಲಿ ಹೈಬರ್ನೇಟ್ ಸಿಗುವುದಿಲ್ಲ. ಎನ್‌ವಿಡಿಯಾ ಗ್ರಾಫಿಕ್ಸ್ ಇದ್ದರೆ ಕರ್ನಲ್ ಬದಲಾದಾಗಲೆಲ್ಲ ಎದ್ದ ಮೇಲೆ ಪರದೆ ಬರುತ್ತದೋ ಇಲ್ಲವೋ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಮೂವರ ಒಪ್ಪಂದದಲ್ಲಿ ಮೂವರೂ ತಾನೇ ಆಗಿರುವ ಆ್ಯಪಲ್‌ಗೆ ಈ ಕೆಲಸ ಸಹಜವಾಗಿಯೇ ಸುಲಭ. ಮುಚ್ಚಳ ಮುಚ್ಚಿದಾಗಲೂ ಮೇಲ್ ತರಿಸುವ ಪವರ್ ನ್ಯಾಪ್ ಅಲ್ಲಿ ಬಂದದ್ದು 2012ರಲ್ಲಿ, ವಿಂಡೋಸ್ 8ರ ಕನೆಕ್ಟೆಡ್ ಸ್ಟ್ಯಾಂಡ್‌ಬೈ ಬಂದ ವರ್ಷವೇ. ಒಂದೇ ಆಸೆ, ಒಂದೇ ವರ್ಷ. ಹಾರ್ಡ್‌ವೇರ್ ಯಾರ ಕೈಯಲ್ಲಿತ್ತು ಎಂಬುದರಲ್ಲಿ ವ್ಯತ್ಯಾಸ.

ಗಳಿಸಿದ್ದು ಏನು

ಜಮೆಯ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ಪತ್ತೆಯ ಸಾಧನಗಳು. ಎಕ್ಸ್‌ಪಿ ಕಾಲದಲ್ಲಿ ಯಂತ್ರ ಯಾಕೆ ಎದ್ದಿತು ಎಂದು ಊಹಿಸಬೇಕಿತ್ತು. ಈಗ ವಿಂಡೋಸ್‌ನಲ್ಲಿಯೇ ಪವರ್‌ಸಿಎಫ್‌ಜಿ ಎಂಬ ಆಜ್ಞೆ ಇದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಅದರ ಮುಂದೆ ಓರೆಗೆರೆ ಹಾಕಿ ‘ಎ’ ಎಂದು ಬರೆದರೆ ನಿಮ್ಮ ಯಂತ್ರಕ್ಕೆ ಎಷ್ಟು ಬಗೆಯ ನಿದ್ದೆ ಗೊತ್ತು, ಯಾವುದು ಗೊತ್ತಿಲ್ಲ, ಯಾಕೆ ಗೊತ್ತಿಲ್ಲ ಎಂಬ ಪಟ್ಟಿ ಬರುತ್ತದೆ. ‘ರಿಕ್ವೆಸ್ಟ್ಸ್’ ಎಂದು ಬರೆದರೆ ಈ ಕ್ಷಣ ಮಲಗಲು ಬಿಡದವರು ಯಾರು ಎಂದು ತಿಳಿಯುತ್ತದೆ; ಬ್ರೌಸರಿನ ಯಾವುದೋ ಟ್ಯಾಬ್‌ನಲ್ಲಿ ನಿಲ್ಲಿಸದೆ ಬಿಟ್ಟ ವಿಡಿಯೊ ಇಲ್ಲಿ ಸಿಕ್ಕಿಬೀಳುವುದು ಮಾಮೂಲು. ‘ಲಾಸ್ಟ್‌ವೇಕ್’ ಕೊನೆಯ ಸಲ ಎಬ್ಬಿಸಿದ ಸಾಧನದ ಹೆಸರು ಹೇಳುತ್ತದೆ. ‘ವೇಕ್‌ಟೈಮರ್ಸ್’ ಮುಂದೆ ಎಬ್ಬಿಸಲು ಕಾದಿರುವ ಅಲಾರಂಗಳನ್ನು ತೋರಿಸುತ್ತದೆ. ರಾತ್ರಿ 2 ಗಂಟೆಗೆ ಲ್ಯಾಪ್‌ಟಾಪ್ ತಾನಾಗಿ ಏಳುತ್ತಿದ್ದರೆ ದೆವ್ವದ ಕಾಟವೇನೂ ಅಲ್ಲ, ವಿಂಡೋಸ್ 10 ತನ್ನ ಸ್ವಯಂ ನಿರ್ವಹಣೆಗೆ ಇಟ್ಟುಕೊಂಡ ಮೂಲ ಮುಹೂರ್ತವೇ ಅದು.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಮಾಡರ್ನ್ ಸ್ಟ್ಯಾಂಡ್‌ಬೈ ಯಂತ್ರಗಳ ‘ಸ್ಲೀಪ್‌ಸ್ಟಡಿ’ ವರದಿ. ಬ್ರೌಸರಿನಲ್ಲಿ ತೆರೆಯುವ ಪುಟ ಅದು. ಕಳೆದ ಕೆಲವು ದಿನಗಳಲ್ಲಿ ಯಂತ್ರ ಎಷ್ಟು ಸಲ ಮಲಗಿತು, ಪ್ರತಿ ಸಲ ಎಷ್ಟು ಹೊತ್ತು, ಎಷ್ಟು ಬ್ಯಾಟರಿ ಕರಗಿತು, ಆ ಹೊತ್ತಿನಲ್ಲಿ ಶೇಕಡಾ ಎಷ್ಟು ಭಾಗ ನಿಜವಾದ ಬಿಡುವಿನಲ್ಲಿ ಕಳೆಯಿತು ಎಂದು ಸಾಲು ಸಾಲಾಗಿ ಇರುತ್ತದೆ. ಆ ಶೇಕಡಾ ಅಂಕಿ ನೂರರ ಹತ್ತಿರ ಇದ್ದರೆ ಯಂತ್ರ ಮಲಗಿತ್ತು ಎಂದರ್ಥ. ಸೊನ್ನೆಯ ಹತ್ತಿರ ಇದ್ದರೆ ಅದು ಕಣ್ಣು ಮುಚ್ಚಿಕೊಂಡಿತ್ತಷ್ಟೇ. ಆ ಸಾಲಿನ ಮೇಲೆ ಒತ್ತಿದರೆ ಹೆಚ್ಚು ಹೊತ್ತು ತಡೆದ ಭಾಗಗಳು ಕ್ರಮವಾಗಿ ಕಾಣುತ್ತವೆ: ವೈ-ಫೈ, ಧ್ವನಿ, ಗ್ರಾಫಿಕ್ಸ್, ಯುಎಸ್‌ಬಿ. ಬ್ಯಾಟರಿ ಕೆಟ್ಟಿದೆ ಎಂದು ಹಣ ಸುರಿಯುವ ಮೊದಲು ಈ ಒಂದು ಪುಟ ನೋಡಿದರೆ ಎಷ್ಟೋ ಬ್ಯಾಟರಿಗಳು ಉಳಿದಾವು.

ತಾನಾಗಿ ರೀಸ್ಟಾರ್ಟ್ ಆಗುವ ಯಂತ್ರಕ್ಕೆ ಈವೆಂಟ್ ವ್ಯೂವರ್ ಸಾಕ್ಷಿ. ಸಿಸ್ಟಂ ಲಾಗ್‌ನಲ್ಲಿ 1074 ಎಂಬ ಸಂಖ್ಯೆ ಕಂಡರೆ ಯಾವುದೋ ಪ್ರೋಗ್ರಾಂ ಅಥವಾ ಅಪ್‌ಡೇಟ್ ಹೇಳಿ ಮಾಡಿಸಿದ ರೀಸ್ಟಾರ್ಟ್. ಹೆಸರೂ ಅಲ್ಲೇ ಇರುತ್ತದೆ. 41 ಅಥವಾ 6008 ಕಂಡರೆ ಯಂತ್ರ ವಿದಾಯ ಹೇಳದೆ ಬಿದ್ದಿದೆ. 41 ಕಾರಣ ಹೇಳುವುದಿಲ್ಲ, ಸರಿಯಾಗಿ ಆರದೆ ಮತ್ತೆ ಹೊತ್ತಿತು ಎಂದಷ್ಟೇ ಹೇಳುತ್ತದೆ. ರ‍್ಯಾಮ್, ಚಾರ್ಜರ್, ಬಿಸಿ, ಡ್ರೈವರ್ ಯಾವುದೂ ಆಗಿರಬಹುದು. ಅದನ್ನೇ ರೋಗ ಎಂದು ಹಿಡಿದು ಮದರ್‌ಬೋರ್ಡ್ ಬದಲಿಸುವುದು ಅವಸರ.

ಪತ್ತೆಯ ಕ್ರಮವೂ ಈ ವರ್ಷಗಳಲ್ಲಿ ಗಟ್ಟಿಯಾಗಿದೆ. ಅಪ್‌ಗ್ರೇಡ್ ಆದ ಮೇಲೆ ತೊಂದರೆ ಶುರುವಾದರೆ ಮೊದಲು ಒಂದು ರೀಸ್ಟಾರ್ಟ್, ನಂತರ ಫಾಸ್ಟ್ ಸ್ಟಾರ್ಟಪ್ ನಿಲ್ಲಿಸಿ ಒಂದೆರಡು ದಿನ ನೋಡುವುದು. ಆಮೇಲೆ ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೇ ಬಯಾಸ್, ಚಿಪ್‌ಸೆಟ್, ಗ್ರಾಫಿಕ್ಸ್ ಡ್ರೈವರ್ ಹಾಕುವುದು. ‘ಎಲ್ಲ ಡ್ರೈವರ್ ಒಂದೇ ಏಟಿಗೆ’ ಎನ್ನುವ ಉಚಿತ ಸಾಫ್ಟ್‌ವೇರ್‌ಗಳ ಸಹವಾಸ ಬೇಡ. ಬಯಾಸ್ ಮುಟ್ಟುವ ಮುನ್ನ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ತಡೆಹಿಡಿದು, ಅದರ ರಿಕವರಿ ಕೀ ಕಾಗದದ ಮೇಲೆ ಬರೆದುಕೊಳ್ಳಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದಾಗ ಡಿಸ್ಕ್ ಗೂಢಲಿಪಿ ತಾನಾಗಿ ಚಾಲೂ ಆಗುವುದುಂಟು. ಆ ಕೀ ಇಲ್ಲದಿದ್ದರೆ ಸ್ಲೀಪ್ ಸರಿಪಡಿಸಹೋಗಿ ಫೋಟೊಗಳನ್ನೆಲ್ಲ ಕಳೆದುಕೊಳ್ಳಬೇಕಾದೀತು. ಇಷ್ಟಾದ ಮೇಲೂ ಬ್ಯಾಗು ಕಾಯುತ್ತಿದ್ದರೆ, ಮುಚ್ಚಳ ಮುಚ್ಚಿದಾಗ ಸ್ಲೀಪ್ ಬದಲು ಹೈಬರ್ನೇಟ್ ಆಗುವಂತೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಯಲ್ಲಿ ಬದಲಿಸಿಕೊಳ್ಳುವುದು ಖಚಿತ ಮದ್ದು. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಏಳಲು ಕೆಲವು ಸೆಕೆಂಡ್ ಹೆಚ್ಚು ಹಿಡಿಯುತ್ತದೆ, ಬ್ಯಾಟರಿ ಮಾತ್ರ ಇದ್ದಷ್ಟೇ ಇರುತ್ತದೆ. ಫಾರ್ಮ್ಯಾಟ್ ಕಟ್ಟಕಡೆಯ ಉಪಾಯ; ಅದೇ ಡ್ರೈವರ್ ಮರಳಿ ಬಂದರೆ ಅದೇ ರೋಗವೂ ಮರಳುತ್ತದೆ.

ಕಳೆದುಕೊಂಡದ್ದು, ಕೇಳಬೇಕಾದದ್ದು

ಖರ್ಚಿನ ಪಟ್ಟಿಯೂ ಸಣ್ಣದಲ್ಲ. ಮೇಲೆ ಹೇಳಿದ ಸಾಧನಗಳೆಲ್ಲ ಆಜ್ಞೆಗಳ ರೂಪದಲ್ಲಿ, ಇಂಗ್ಲಿಷಿನಲ್ಲಿ, ಕಪ್ಪು ಕಿಟಕಿಯೊಳಗೆ ಅವಿತಿವೆ. ಬಳಕೆದಾರನಿಗೆ ಕಾಣುವ ಸೆಟ್ಟಿಂಗ್ಸ್ ಪುಟದಲ್ಲಿ ‘ನಿಮ್ಮ ಲ್ಯಾಪ್‌ಟಾಪ್ ನಿನ್ನೆ ರಾತ್ರಿ ಮಲಗಲಿಲ್ಲ, ತಡೆದದ್ದು ಈ ಭಾಗ’ ಎಂಬ ಒಂದು ಸಾಲು ಇಲ್ಲ. ಮಾಹಿತಿ ಯಂತ್ರದ ಒಳಗೇ ಇದ್ದೂ ಮಾಲೀಕನಿಗೆ ಸಿಗುವುದಿಲ್ಲ. ಇದರ ಫಲವಾಗಿ ಅಪ್‌ಗ್ರೇಡ್ ಎಂದರೆ ಹೆದರುವ ಒಂದು ವರ್ಗವೇ ಇದೆ. ನುಡಿ ಮತ್ತು ಪೇಜ್‌ಮೇಕರ್ ನೆಚ್ಚಿ ಕೂತ ನಮ್ಮ ಡಿಟಿಪಿ ಕೇಂದ್ರಗಳಲ್ಲಿ ಇನ್ನೂ ವಿಂಡೋಸ್ 7 ಉಸಿರಾಡುತ್ತಿದ್ದರೆ ಅದು ಬರೀ ಅಭ್ಯಾಸದಿಂದಲ್ಲ. ಉಚಿತ ಭದ್ರತಾ ತೇಪೆ ನಿಂತು ಆರು ವರ್ಷ ದಾಟಿದ ಆ ಯಂತ್ರಗಳು ಅಪಾಯದಲ್ಲಿವೆ. ಆ ಅಪಾಯಕ್ಕೆ ಅಪ್‌ಗ್ರೇಡ್‌ಗಳ ಕೆಟ್ಟ ಹೆಸರೂ ಒಂದು ಕಾರಣ.

ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ಚಿಪ್ ಇಲ್ಲದ, ಅದರ ಪಟ್ಟಿಯಲ್ಲಿಲ್ಲದ ಪ್ರೊಸೆಸರ್‌ನ ವಿಂಡೋಸ್ 10 ಯಂತ್ರಗಳನ್ನು ನೋಂದಾಯಿಸಿಕೊಂಡವರಿಗೆ ಸಿಗುವ ಹೆಚ್ಚುವರಿ ಭದ್ರತಾ ತೇಪೆಯ ಗಡುವು 2026ರ ಅಕ್ಟೋಬರ್ 13. ಆ ಹೊತ್ತಿಗೆ ಇನ್ನೊಂದು ಅಪ್‌ಗ್ರೇಡ್ ಅಲೆ ಏಳುತ್ತದೆ: ಕೆಲವರು ಹೊಸ ಲ್ಯಾಪ್‌ಟಾಪ್ ಕೊಳ್ಳುತ್ತಾರೆ, ಕೆಲವರು ಲಿನಕ್ಸ್‌ಗೆ ಹೋಗುತ್ತಾರೆ, ಕೆಲವರು ಬೆಂಬಲವಿಲ್ಲದ ಯಂತ್ರದ ಮೇಲೆ ಅಡ್ಡದಾರಿಯಲ್ಲಿ ವಿಂಡೋಸ್ 11 ಕೂರಿಸುತ್ತಾರೆ. ಈ ಮೂರನೆಯವರಿಗೆ ನಮ್ಮ ಎಚ್ಚರಿಕೆ ಇಷ್ಟೇ, ಸ್ಲೀಪ್ ಕೆಟ್ಟರೆ ಕೇಳಲು ಯಾರೂ ಇರುವುದಿಲ್ಲ.

ಮುಂದಿನ ದಶಕಕ್ಕೆ ಮೂರು ಬೇಡಿಕೆ ಇಡುವುದು ನ್ಯಾಯ. ಎಸ್3 ಬೇಕೋ ಮಾಡರ್ನ್ ಸ್ಟ್ಯಾಂಡ್‌ಬೈ ಬೇಕೋ ಎಂದು ಬಯಾಸ್‌ನಲ್ಲಿ ಆಯ್ಕೆ ಇರಲಿ; ಎಸ್3 ಸಾಧ್ಯವೇ ಇಲ್ಲದ ಚಿಪ್ ಆದರೆ ಡಬ್ಬದ ಮೇಲೆ ಹಾಗೆಂದು ಬರೆಯಲಿ. ಮುಚ್ಚಳ ಮುಚ್ಚಿದ ಯಂತ್ರ ಬಿಸಿಯೇರಿದರೆ ಅಥವಾ ಬಿಡುವಿಗೆ ಹೋಗಲಾರದಿದ್ದರೆ ಕೆಲವೇ ನಿಮಿಷದಲ್ಲಿ ತಾನಾಗಿ ಹೈಬರ್ನೇಟ್ ಆಗುವುದನ್ನು ಎಲ್ಲ ತಯಾರಕರೂ ಖಚಿತಪಡಿಸಲಿ. ಮತ್ತು ಹೊಸ ಆವೃತ್ತಿಗೆ ಏರುವ ಮುನ್ನ ಡ್ರೈವರ್‌ಗಳು ಸ್ಲೀಪ್ ಪರೀಕ್ಷೆ ದಾಟಿವೆಯೇ ಎಂದು ಅಪ್‌ಗ್ರೇಡ್ ಸಾಧನವೇ ನೋಡಿ ಹೇಳಲಿ. ಟಿಪಿಎಂ ಇದೆಯೇ ಎಂದು ನೋಡಲು ಬಂದವರಿಗೆ ಇದು ಕಷ್ಟವಲ್ಲ.

ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದು ಎಲೆಕ್ಟ್ರಾನಿಕ್ಸ್ ಕ್ಷೇತ್ರವನ್ನೂ ಅದಕ್ಕೆ ಸೇರಿಸಿತು. ಬಿಡಿಭಾಗ, ಕೈಪಿಡಿಗಳ ಮಾತು ಅಲ್ಲಿ ಆಗುತ್ತಿದೆ. ಆ ಮಾತು ಫರ್ಮ್‌ವೇರ್‌ವರೆಗೂ ಹೋಗಬೇಕು. ಹಿಂಜ್ ಮುರಿದರೆ ವಾರಂಟಿ ಇದೆ. ಕಂಪನಿಯೇ ಕಳಿಸಿದ ಅಪ್‌ಡೇಟ್‌ನಿಂದ ಯಂತ್ರ ಮಲಗುವುದನ್ನು ಮರೆತರೆ, ‘ಅದು ಸಾಫ್ಟ್‌ವೇರ್’ ಎಂದು ಒಬ್ಬರು, ‘ಅದು ಹಾರ್ಡ್‌ವೇರ್’ ಎಂದು ಇನ್ನೊಬ್ಬರು ಕೈತೊಳೆದುಕೊಳ್ಳುತ್ತಾರೆ. ಮೂವರು ಸೇರಿ ಮಾಡಿಕೊಂಡ ಒಪ್ಪಂದ ಮುರಿದಾಗ ಆ ಮೂವರಲ್ಲಿ ಹೊಣೆ ಯಾರದು ಎಂದು ವಾರಂಟಿ ಪತ್ರದಲ್ಲಿ ಬರೆಸುವವರೆಗೆ, ಆ ಖರ್ಚು ಒಪ್ಪಂದಕ್ಕೆ ಸಹಿಯನ್ನೇ ಹಾಕದ ನಾಲ್ಕನೆಯವನ ಜೇಬಿನಿಂದಲೇ ಹೋಗುತ್ತಿರುತ್ತದೆ.